ಮಾವ ಮುಟ್ಟಿದ ಚಿಲಕ

ಧಾರಾಪುರಂ ಹೊರಗಿನ ನಮ್ಮ ಶೆಡ್ಡಿನಲ್ಲಿ ತಾಯಿಹಂದಿಗಳು ತುಂಬು ಗಬ್ಬವಾಗಿದ್ದಾಗ ಸೋದರಮಾವ ನೋಡಲು ಬಂದರು. ಮಗ್ಗ ಮಾರಿದ ನನಗೆ ಹಂದಿ ಸಾಕುವುದನ್ನು ಕಲಿಸಿದವರೇ ಅವರು. ಆದರೆ ಅವರ ಹಂದಿಗಳು ಜ್ವರ ಬಂದು ಸಾಯುತ್ತಿರುವುದು ನನ್ನ ಕಿವಿಗೆ ಬಿದ್ದಿತ್ತು.

ಮನೆಯೊಳಗೆ ಬರುವವರ ಹಾಗೆ ಗೇಟಿನ ಹೊರಗೆ ಚಪ್ಪಲಿ ಬಿಟ್ಟು, ಅವರು ಬರಿಗಾಲಲ್ಲಿ ಚಿಲಕಕ್ಕೆ ಕೈ ಹಾಕಿದರು. ಚಪ್ಪಲಿ ಬಿಟ್ಟರೆ ಶುದ್ಧವಾದೆವು ಎನ್ನುವುದು ನಮ್ಮವರ ಭ್ರಮೆ. ಅವರ ಶೆಡ್ಡಿನ ಕೆಸರು ಹಿಮ್ಮಡಿಯ ಬಿರುಕಿನಲ್ಲೇ ಇತ್ತು. ನಾನು ಒಳಗಿನಿಂದ ಗೇಟಿಗೆ ಅಡ್ಡ ನಿಂತೆ.

"ಸೆರುಪ್ಪು ಆಚೇನೆ ಬಿಟ್ನಲ್ಲಮ್ಮಾ, ಇನ್ನೇನು?" ಎಂದರು.

"ಕಾಲು ನಿಮ್ ಶೆಡ್ಡಿಂದಾನೇ ಬಂದೈತಲ್ಲ ಮಾವ. ಮರಿ ಹಾಕೋವರ್ಗೂ ಯಾರ್ನೂ ಒಳಗೆ ಬಿಡಲ್ಲ."

"ನಾನು ಯಾರೋ ಆಗ್ಬುಟ್ನಾ?"

ಆ ಮಾತು ಚುಚ್ಚಿತು. ಆದರೂ ಗೇಟು ತೆಗೆಯಲಿಲ್ಲ. ಕಾಫಿ ತಂದು ಗೇಟಿನ ಮೇಲಿಂದಲೇ ಲೋಟ ಚಾಚಿದೆ. ಅವರು ಮುಟ್ಟದೆ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ನಾನು ಔಷಧಿ ನೀರಿನಲ್ಲಿ ಬಟ್ಟೆ ಅದ್ದಿ, ಅವರು ಹಿಡಿದಿದ್ದ ಚಿಲಕ ಒರೆಸತೊಡಗಿದೆ. ಬೈಕ್ ಹತ್ತಿದ ಮಾವ ತಿರುಗಿ ನೋಡಿದರು. ಅವರು ನೋಡುತ್ತಿರುವಾಗಲೇ ಮತ್ತೊಂದು ಸಲ ಒರೆಸಿದೆ.