ಪೈಪಿಗೆ ಕವಚ, ಕಾಲಿಗೆ ಬರೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಶೆಡ್ಡಿನ ಬಾಗಿಲನ್ನು ಅರ್ಧ ಎತ್ತಿಟ್ಟು, ಅದರಡಿ ನುಸುಳುವ ಬೂದು ಬೆಳಕಿನಲ್ಲೇ ತಗಡಕ್ಕ ಕೆಲಸಕ್ಕೆ ಕೂತಿದ್ದಾರೆ. ಎದುರಿಗೆ ಹಳೆಯ ಮೋಟಾರ್ ಸೈಕಲ್ಲೊಂದು ಎರಡು ದಿಮ್ಮಿಗಳ ನಡುವೆ ಅಲ್ಲಾಡದಂತೆ ನಿಂತಿದೆ. ಅದರ ಮೇಲೆ ಅವರ ಅಣ್ಣನ ಮಗಳು. ಅವಳು ಸೀಟಿನ ಮೇಲೆ ಕೂತಿಲ್ಲ, ಫುಟ್‌ರೆಸ್ಟಿನ ಮೇಲೆ ಮಂಡಿ ಬಗ್ಗಿಸಿ ನಿಂತಿದ್ದಾಳೆ. ಪ್ಯಾಂಟಿನ ಬಲಗಾಲಿಗೆ ಮಂಡಿಯಿಂದ ಹಿಮ್ಮಡಿಯವರೆಗೂ ಸೀಮೆಸುಣ್ಣ ಬಳಿದಿದೆ.

"ಇನ್ನೂ ವಾಲು. ಬಂಡೆ ಮೇಲೆ ಇದ್ದೀಯ ಅಂದ್ಕೋ."

"ಬಂಡೆ ಮೇಲಾದ್ರೆ ಇಷ್ಟು ಹೊತ್ತು ನಿಂತಿರ್ತಿರಲಿಲ್ಲ ಅತ್ತೆ, ಬಿದ್ದಿರ್ತಿದ್ದೆ."

"ಸರಿ, ಬೀಳೋ ಹಾಗೇ ವಾಲು."

ಅವಳು ಇಳಿದಾಗ ಸೈಲೆನ್ಸರ್ ಪೈಪಿನ ಮೇಲೆ ಬಿಳಿ ಗುರುತು ಮೂಡಿರುತ್ತದೆ. ಕಾಲು ತಾಗುವುದು ಅಲ್ಲಿ, ಹಾಗಾಗಿ ತಗಡು ಬೇಕಾದದ್ದೂ ಅಲ್ಲೇ. ಈ ಶೆಡ್ಡಿನಲ್ಲಿ ಅಳತೆ ಗಾಡಿಯದಲ್ಲ, ಕಾಲಿನದು. ಕುಳ್ಳಗಿನವರದು ಒಂದು ಕಡೆ ತಾಗಿದರೆ ಉದ್ದ ಕಾಲಿನವರದು ಇನ್ನೊಂದು ಕಡೆ. ವಾರಕ್ಕೆ ಮೂರೋ ನಾಲ್ಕೋ ಕವಚ ಇಲ್ಲಿಂದ ಹೊರಡುತ್ತವೆ. ಒಂದರಂತೆ ಇನ್ನೊಂದು ಇರುವುದಿಲ್ಲ.

ಇವರ ಗಿರಾಕಿಗಳು ಆಡುವ ಆಟದಲ್ಲಿ ವೇಗಕ್ಕೆ ಬೆಲೆಯಿಲ್ಲ. ಬಂಡೆ, ಕೊರಕಲು, ಉರುಳಿದ ಮರ, ಎಲ್ಲವನ್ನೂ ಗಾಡಿಯ ಮೇಲೆ ನಿಂತೇ ನಿಧಾನವಾಗಿ ದಾಟಬೇಕು. ಕಾಲು ನೆಲಕ್ಕೆ ತಾಗಿದರೆ ಅಂಕ ಹೋಯಿತು. ಹೊಸ ಗಾಡಿಗಳಲ್ಲಿ ಪೈಪು ಒಳಗೆ ಅಡಗಿರುತ್ತದೆ. ಹಳೆಯವುಗಳಲ್ಲಿ ಅದು ಎಂಜಿನ್ನಿನಿಂದೆದ್ದು ಸವಾರರ ಮೀನಖಂಡದ ಪಕ್ಕದಲ್ಲೇ ಕೆಂಡದಂತೆ ಹಾದುಹೋಗುತ್ತದೆ. ಗಾಡಿ ವಾಲಿದಾಗ ಕಾಲು ಅದಕ್ಕೆ ಒತ್ತುತ್ತದೆ. ಕಾಲು ತೆಗೆದರೆ ಅಂಕ ಹೋಗುತ್ತದೆ, ತೆಗೆಯದಿದ್ದರೆ ಚರ್ಮ ಹೋಗುತ್ತದೆ. ನೋಡುವವರಿಗೆ ಆಟ, ಸವಾರರಿಗೆ ಪ್ರಾಣಸಂಕಟ.

ತಗಡಕ್ಕ ಮೊದಲ ಕವಚ ಮಾಡಿದ್ದು ಅಣ್ಣನಿಗೆ. ಆಗ ಅವರು ಅಪ್ಪನ ಜೊತೆ ಕೂತು ಡಬ್ಬ, ಲಾಳಿಕೆ ಮಾಡುತ್ತಿದ್ದ ಹುಡುಗಿ. ಡಬ್ಬದ ಮುಚ್ಚಳದ ಹಾಗೆ ತಗಡನ್ನು ಪೈಪಿಗೆ ಬಿಗಿಯಾಗಿ ಅಪ್ಪಿಸಿ ಕೂರಿಸಿದರು. ಚೂರೂ ಸಂದಿಲ್ಲ, ನೋಡಲು ಬಲು ಚೆಂದ. ಅಣ್ಣ ಇಡೀ ದಿನ ಓಡಿಸಿ ಬಂದು, "ನಿನ್ನ ತಗಡು ಒಂಚೂರೂ ಅಲ್ಲಾಡ್ಲಿಲ್ಲ ಕಣೇ" ಎಂದಷ್ಟೇ ಹೇಳಿದರು. ಸಂಜೆ ನಲ್ಲಿಯ ಹತ್ತಿರ ಅವರು ಪ್ಯಾಂಟು ಮಡಚಿದಾಗ ತಂಗಿಗೆ ಕಂಡದ್ದು ಬೇರೆ. ಪೈಪಿನಷ್ಟೇ ಕಾದ ತಗಡು ತನ್ನ ಅಂಚನ್ನೆಲ್ಲ ಕಾಲಿನ ಮೇಲೆ ಬರೆದುಬಿಟ್ಟಿತ್ತು.

"ಬೈದಿದ್ರೆ ಮರ್ತುಬಿಡ್ತಿದ್ದೆ. ಅವನು ಬೈಲಿಲ್ಲವಲ್ಲ" ಎನ್ನುತ್ತಾರೆ.

ಅಂದಿನಿಂದ ಅವರ ತಗಡು ಪೈಪನ್ನು ಮುಟ್ಟುವುದಿಲ್ಲ. ನಡುವೆ ವಾಷರುಗಳನ್ನು ಪೇರಿಸಿ ಬೆರಳಗಲ ಸಂದು ಬಿಡುತ್ತಾರೆ, ಗಾಳಿಯಾಡಲೆಂದು. ತಗಡಿನ ತುಂಬ ಸಣ್ಣ ತೂತು. ಅಂಚನ್ನು ಒಳಕ್ಕೆ ಮಡಚಿ, ಅರದಿಂದ ಉಜ್ಜಿ, ಕೊನೆಗೆ ತಮ್ಮ ಮುಂಗೈಯನ್ನೇ ಅದರ ಮೇಲೆ ಎಳೆದು ನೋಡುತ್ತಾರೆ. ಗೀರಿದರೆ ಮತ್ತೆ ಉಜ್ಜುತ್ತಾರೆ.

ಇಷ್ಟು ಮಾಡಿದ ತಗಡನ್ನು ಹೋದ ವರ್ಷ ಪಂದ್ಯದ ಬೆಳಿಗ್ಗೆ ಹುಡುಗಿಯ ಗಾಡಿಯಿಂದ ಬಿಚ್ಚಿಸಿದರು. ಹಳೆಯ ಗಾಡಿಗಳ ಸಂಘಕ್ಕೆ ಒಂದು ನಿಯಮವಿದೆ: ಗಾಡಿ ಕಾರ್ಖಾನೆಯಿಂದ ಹೊರಬಿದ್ದಾಗ ಹೇಗಿತ್ತೋ ಹಾಗೇ ಇರಬೇಕು. ಪೈಪು ಕಲ್ಲಿಗೆ ಬಡಿದು ನೆಗ್ಗಬಾರದೆಂದು ಅದರ ಕೆಳಗೆ ಕವಚ ಹಾಕುವುದಕ್ಕೆ ಮಾತ್ರ ವಿನಾಯಿತಿ, ಏಕೆಂದರೆ ಹಳೆಯ ಪೈಪು ಈಗ ಸಿಗುವುದಿಲ್ಲ. ಕಾಲಿಗೆ ಅಂಥ ವಿನಾಯಿತಿ ಇಲ್ಲ. ಕಾಲು ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಸಂಘದವರು ತಿಳಿದಿದ್ದಾರೋ ಏನೋ. ತಪಾಸಣೆಯ ಹಿರಿಯರು ತಮ್ಮ ಪ್ಯಾಂಟು ಎತ್ತಿ ಹಳೆಯ ಬರೆ ತೋರಿಸಿ, "ನಮ್ಮ ಕಾಲದಲ್ಲಿ ಇದು ಎಲ್ರಿಗೂ ಇತ್ತಮ್ಮ" ಎಂದರಂತೆ, ಪದಕ ತೋರಿಸುವವರ ಹಾಗೆ. ತಾವು ಸುಟ್ಟುಕೊಂಡದ್ದಕ್ಕೆ ಮುಂದಿನವರೂ ಸುಟ್ಟುಕೊಳ್ಳಬೇಕೆಂಬುದು ಯಾವ ನ್ಯಾಯ?

ಆ ದಿನ ಮೂರನೆಯ ಬಂಡೆಯ ಮೇಲೆ ಹುಡುಗಿಯ ಕಾಲು ಪೈಪಿಗೆ ಒತ್ತಿತು. ಅವಳು ಕಾಲು ತೆಗೆಯಲಿಲ್ಲ. ಬಂಡೆ ದಾಟಿಯೇ ಬಿದ್ದಳು. ಅಂಕ ಕಳೆಯಲೆಂದು ಅಲ್ಲಿ ನಿಂತಿದ್ದ ಯುವಕ ಕೈಲಿದ್ದ ಹಲಗೆ ಎಸೆದು, ತನ್ನ ಕುಡಿಯುವ ನೀರನ್ನೆಲ್ಲ ಅವಳ ಕಾಲಿಗೆ ಹೊಯ್ದ. ಅದು ಮುಗಿದಾಗ ಪಕ್ಕದವರ ಬಾಟಲಿ ಕಿತ್ತುಕೊಂಡು ಅದನ್ನೂ ಹೊಯ್ದ. ಗಾಯ ಮಾಯಲು ತಿಂಗಳುಗಳೇ ಬೇಕಾದವು. ಸಂಘದಿಂದ ಯಾರೂ ಬಂದು ಹೇಗಿದ್ದೀಯೆಂದು ಕೇಳಲಿಲ್ಲ. ಪೈಪು ನೆಗ್ಗಿದೆಯೇ ಎಂದು ಮಾತ್ರ ಕೇಳಿದ್ದರು.

ಇವತ್ತು ಮತ್ತೆ ಅದೇ ಪಂದ್ಯ. ಬಿಸಿಲೇರುವ ಹೊತ್ತಿಗೆ ಗಾಡಿಗಳು ಸಾಲಾಗಿ ನಿಂತಿವೆ. ಅದೇ ಹಿರಿಯರು ಮೊಣಕಾಲೂರಿ ಹೊಸ ತಗಡನ್ನು ಬೆರಳಿನಿಂದ ತಟ್ಟುತ್ತಾರೆ.

"ಮತ್ತೆ ಹಾಕಿದ್ದೀರಲ್ಲಮ್ಮ. ಇದು ಕಾಲಿಗೆ ತಾನೆ?"

ಹುಡುಗಿ ಅತ್ತೆಯ ಮುಖ ನೋಡುತ್ತಾಳೆ.

"ಪೈಪಿಗೆ ಸಾರ್" ಎನ್ನುತ್ತಾರೆ ತಗಡಕ್ಕ. "ಇವಳ ಬೂಟಿನ ಬಕಲ್ಲು ತಾಗಿ ಪೈಪು ಗೀರಾಗುತ್ತೆ. ಇಂಥ ಪೈಪು ಈಗ ಎಲ್ಲೂ ಸಿಗಲ್ಲ ನೋಡಿ."

ಹಿರಿಯರ ಮುಖ ಅರಳುತ್ತದೆ. ಕರವಸ್ತ್ರ ತೆಗೆದು ಪೈಪಿನ ಧೂಳು ಒರೆಸುತ್ತಾರೆ. "ನಿಜ, ಎಲ್ಲೂ ಸಿಗಲ್ಲ. ಒಳ್ಳೆ ಕೆಲಸ ಮಾಡಿದ್ರಿ" ಎಂದು ಒಪ್ಪಿಗೆಯ ಚೀಟಿ ಅಂಟಿಸಿ ಮುಂದಿನ ಗಾಡಿಗೆ ಹೋಗುತ್ತಾರೆ.

ತಗಡಕ್ಕನದು ಗೆದ್ದವರ ಮುಖವಲ್ಲ. "ಕೆನ್ನೆಗೆ ಹೊಡೆದಿದ್ರೂ ಇಷ್ಟು ಉರೀತಿರಲಿಲ್ಲ. ಹುಡುಗಿ ಸುಟ್ಕೊಳ್ತಾಳೆ ಅಂದ್ರೆ ಬಿಚ್ಚು. ಪೈಪು ಗೀರಾಗುತ್ತೆ ಅಂದ್ರೆ ಕರವಸ್ತ್ರ."

ಮಧ್ಯಾಹ್ನ ಹುಡುಗಿ ಮೈಯೆಲ್ಲ ಕೆಸರಾಗಿ ಮರಳುತ್ತಾಳೆ. ಎರಡು ಕಡೆ ಕಾಲೂರಿದ್ದಾಳೆ, ಬಹುಮಾನವಿಲ್ಲ. ನಲ್ಲಿಯ ಹತ್ತಿರ ಪ್ಯಾಂಟು ಮಡಚಿ ಕಾಲು ಚಾಚುತ್ತಾಳೆ. ಅತ್ತೆ ಬಗ್ಗಿ, ಕನ್ನಡಕ ಸರಿಪಡಿಸಿಕೊಂಡು, ತಿರುಗಿಸಿ ತಿರುಗಿಸಿ ನೋಡುತ್ತಾರೆ. ಹೋದ ವರ್ಷದ ಬರೆಯೊಂದೇ ಇದೆ. ಅದರ ಪಕ್ಕ ಹೊಸದಿಲ್ಲ.

ಆಗಲೇ ಇಬ್ಬರು ಸವಾರರು ಬಂದು ನಿಂತಿದ್ದಾರೆ. "ತಗಡಕ್ಕ, ನಮ್ಮ ಪೈಪಿಗೂ ಭಾರೀ ಗೀರಾಗ್ತಿದೆ" ಎನ್ನುತ್ತಾನೊಬ್ಬ, ತನ್ನ ಮೀನಖಂಡ ಸವರಿಕೊಳ್ಳುತ್ತ. ಎಲ್ಲರೂ ನಗುತ್ತಾರೆ. ತಗಡಕ್ಕ ನಗುವುದಿಲ್ಲ.

ಪತ್ರಿಕೆಯವರು ಇದನ್ನೆಲ್ಲ ಬರೆದುಕೊಳ್ಳುತ್ತಿರುವುದನ್ನು ಕಂಡು ಹುಡುಗಿಗೆ ಇನ್ನೊಂದು ಚಿಂತೆ. "ಅತ್ತೆ, ಇದೆಲ್ಲ ಪೇಪರ್‌ನಲ್ಲಿ ಬಂದ್ರೆ ಮುಂದಿನ ಸಲ ಬಿಚ್ಚಿಸ್ತಾರೆ."

"ಬಿಚ್ಚಿಸ್ಲಿ. ಅದನ್ನ ಓದಿದವರೆಲ್ಲ ಅಲ್ಲಿ ಬಂದು ನಿಂತಿರ್ತಾರೆ, ಅವರ ಮುಂದೆ ಬಿಚ್ಚಿಸ್ಲಿ." ತಗಡಕ್ಕ ಅವಳ ಪ್ಯಾಂಟನ್ನು ಕೆಳಗೆಳೆದು ಕೆಸರು ಕೊಡವುತ್ತಾರೆ. "ನನಗೆ ಇನ್ನೇನೂ ಬೇಡ. ಅದು ಕಾಲಿಗೆ ಮಾಡಿದ್ದು. ಹಾಗೇ ಬರೀಲಿ."