ಬಾಗಿಲಿಗೆಂದು ಇಟ್ಟ ಹಲಗೆಗಳು

ಊರವರು ಆತನನ್ನು ಸಂದಿಲ್ಲದ ಬಡಗಿ ಎಂದೇ ಕರೆಯುತ್ತಿದ್ದರು. ಆತ ಮಾಡಿದ ಬಾಗಿಲು ಮುಚ್ಚಿದರೆ ಹಲಗೆ ಹಲಗೆಯ ನಡುವೆ ಕೂದಲೆಳೆಯಷ್ಟು ಬೆಳಕೂ ನುಸುಳುತ್ತಿರಲಿಲ್ಲ. ನಲವತ್ತು ವರ್ಷ ಅದೇ ಹೆಮ್ಮೆಯಲ್ಲಿ ಬದುಕಿದ ಮನುಷ್ಯ. ಆದರೆ ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರಲ್ಲ, ಸ್ವಂತ ಮನೆಯ ಮುಂಬಾಗಿಲು ಮಾತ್ರ ತಗಡಿನದು. ಗಾಳಿ ಬೀಸಿದರೆ ಬಡಬಡ ಬಡಿದುಕೊಳ್ಳುತ್ತಿತ್ತು. ಮುಚ್ಚಬೇಕಾದರೆ ಕೆಳಗಿನ ಮೂಲೆಗೊಂದು ಒದೆ ಕೊಡಬೇಕಿತ್ತು.

ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಮಾತು ಕೊಟ್ಟಿದ್ದ: "ನಿನಗೊಂದು ಬಾಗಿಲು ಮಾಡಿಕೊಡ್ತೀನಿ ನೋಡು, ಜನ ನಿಂತು ನೋಡ್ಬೇಕು." ಹದಿನೆಂಟು ವರ್ಷದ ಹಿಂದೆ ಅದಕ್ಕೆಂದೇ ಒಂಬತ್ತು ಹಲಗೆ ಆರಿಸಿ ಕೆಲಸದ ಶೆಡ್ಡಿನ ಅಟ್ಟಕ್ಕೇರಿಸಿದ್ದ. ಅವರಿವರ ಬಾಗಿಲು ಮುಗಿಯಲಿ, ಆಮೇಲೆ ನಮ್ಮದು ಎಂದ. ಅವರಿವರ ಬಾಗಿಲು ಮುಗಿಯಲೇ ಇಲ್ಲ. ಮುಗಿದಾಗ ಒಮ್ಮೆಗೇ ಮುಗಿಯಿತು. ಕಾರ್ಖಾನೆಯ ರೆಡಿಮೇಡ್ ಬಾಗಿಲು ಬಂದವು, ಆತನ ಅಂಗಳಕ್ಕೆ ಬರುವವರೇ ಇಲ್ಲವಾದರು. ಅಷ್ಟು ಹೊತ್ತಿಗೆ ಮಂಡಿ ಸವೆದಿತ್ತು, ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬಿಸಿನೀರು ಬೇಕಾಗುತ್ತಿತ್ತು.

ಈಗ ಮನೆ ನಡೆಯುತ್ತಿದ್ದದ್ದು ಹೆಂಡತಿಯ ಸಸಿಗಳಿಂದ. ಹಿತ್ತಲಲ್ಲಿ ಬೆಳೆಸಿ, ಕುಂಡಕ್ಕೆ ಹಾಕಿ, ಹಳೆಯ ಪಿಕಪ್‌ನಲ್ಲಿ ತುಂಬಿಕೊಂಡು ತಾನೇ ಓಡಿಸಿಕೊಂಡು ಹೋಗಿ ಮನೆಮನೆಗೆ ಕೊಟ್ಟು ಬರುತ್ತಿದ್ದಳು. ಒಂದು ದಿನ ತಿರುವಿನಲ್ಲಿ ಗಾಡಿಯ ಹಿಂಭಾಗದ ತುಕ್ಕು ಹಿಡಿದ ತಗಡು ಹರಿದು ಎರಡು ಕುಂಡ ರಸ್ತೆಪಾಲಾದವು. ಮೆಕ್ಯಾನಿಕ್ ಆಗಿದ್ದ ಅವಳ ತಮ್ಮ ಬಂದು ತಗಡನ್ನೆಲ್ಲ ಕತ್ತರಿಸಿ ತೆಗೆದ. ಹಿಂದೆ ಬರೀ ಉಕ್ಕಿನ ಚೌಕಟ್ಟು ಉಳಿಯಿತು.

"ಎಂಜಿನ್ ಇನ್ನೂ ಗಟ್ಟಿಯಾಗಿದೆ ಭಾವ. ಹಿಂದಕ್ಕೆ ಮರದ್ದೊಂದು ಹಾಸು ಮಾಡಿ ಕೂರಿಸಿ, ಅಕ್ಕನಿಗೆ ಸಾಕು."

ಹಸಿ ಮರ ತಂದರೆ ತಿರುಚಿಕೊಳ್ಳುತ್ತದೆ. ಒಣಗಿದ ಮರವೆಂದರೆ ಅಟ್ಟದ ಮೇಲಿನದೇ. ಏಣಿ ಹಾಕಿ, ಒಂದೊಂದೇ ಹಲಗೆಯನ್ನು ಎದೆಗೊರಗಿಸಿಕೊಂಡು ಇಳಿಸಿದ.

"ಅವನ್ನ ಯಾಕ್ರೀ ಇಳಿಸ್ತೀರಿ?" ಎಂದಳು ಹೆಂಡತಿ.

"ಮತ್ತೇನು, ಗೆದ್ದಲಿಗೆ ಇಡ್ಲಾ?"

ಅಷ್ಟು ಒರಟಾಗಿ ಅನ್ನಬಾರದಿತ್ತು. ಅವಳು ಒಳಗೆ ಹೋದಳು.

ನಾಲ್ಕು ದಿನದ ಕೆಲಸ ಹನ್ನೊಂದು ದಿನ ಹಿಡಿಯಿತು. ಚೌಕಟ್ಟಿನ ಉದ್ದಕ್ಕೆ ಎರಡು ದಪ್ಪ ತೊಲೆ, ಉಕ್ಕಿಗೂ ಮರಕ್ಕೂ ನಡುವೆ ಹಳೆಯ ಟೈರಿನ ತುಂಡು, ಮೇಲೆ ಅಡ್ಡಪಟ್ಟಿಗಳು, ಅದರ ಮೇಲೆ ಹಲಗೆ. ಒಂದು ಹಲಗೆಯ ಅಂಚು ಉಜ್ಜಿದರೆ ದಣಿವಾರಲು ಅರ್ಧ ಗಂಟೆ ಕೂರಬೇಕು. ಆದರೂ ಪಕ್ಕದ ಹಲಗೆಗೆ ಅದು ಅಂಟಿದಂತೆ ಕೂರುವವರೆಗೆ ಬಿಡಲಿಲ್ಲ.

"ಸ್ವಲ್ಪ ಸಂದು ಬಿಡ್ರೀ, ಕುಂಡದ ನೀರು ಇಳಿದು ಹೋಗ್ಲಿ," ಎಂದಳು ಹೆಂಡತಿ.

"ಸಂದಾ? ನನ್ನ ಕೈಕೆಲಸದಲ್ಲಿ?"

"ಇದು ಗಾಡಿ ಭಾವ, ಮನೆ ಅಲ್ಲ," ಎಂದು ಭಾಮೈದನೂ ನಕ್ಕ. ಯಾರು ಕೇಳುತ್ತಾರೆ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಿಜ ಹೇಳಬೇಕೆಂದರೆ ಆತ ಗಾಡಿಯ ಹಾಸು ಮಾಡುತ್ತಲೇ ಇರಲಿಲ್ಲ, ಬಾಗಿಲು ಮಾಡುತ್ತಿದ್ದ. ಇನ್ನೊಂದು ಬಾಗಿಲು ಮಾಡುವ ಶಕ್ತಿ ಈ ಜನ್ಮದಲ್ಲಿ ಬರುವುದಿಲ್ಲವೆಂದು ಗೊತ್ತಿತ್ತು. ಕೊಟ್ಟ ಮಾತು ಉಳಿಯುವುದಿದ್ದರೆ ಇದರಲ್ಲೇ ಉಳಿಯಬೇಕು.

ಮುಗಿದಾಗ ಬೀದಿಯ ಜನ ನಿಜವಾಗಿಯೂ ನಿಂತು ನೋಡಿದರು. ಹೆಂಡತಿ ಅಂಗೈಯಿಂದ ಹಲಗೆ ಸವರಿ "ಚೆನ್ನಾಗಿದೆ" ಎಂದಳು. ಆ ರಾತ್ರಿ ಆತ ಮಂಡಿನೋವು ಮರೆತು ಮಲಗಿದ.

ಮೂರನೆಯ ವಾರ ಹಾಸು ಸೆಟೆದುಕೊಂಡಿತು. ಹದಿನೆಂಟು ವರ್ಷ ಒಣಗಿದ ಮರ ದಿನಾ ಸೋರುವ ಕುಂಡದ ನೀರನ್ನು ಬಾಯಾರಿದವರಂತೆ ಕುಡಿದಿತ್ತು. ಉಬ್ಬಲು ಜಾಗವಿಲ್ಲದೆ ನಡುವಿನ ಹಲಗೆಗಳು ಬೆನ್ನೆತ್ತಿ, ಬೋಲ್ಟುಗಳನ್ನೇ ಕಿತ್ತುಕೊಂಡು ಎದ್ದಿದ್ದವು. ಮೇಲಿಟ್ಟ ಕುಂಡಗಳೆಲ್ಲ ಒಂದು ಪಕ್ಕಕ್ಕೆ ವಾಲಿದ್ದವು.

ಆತ ಚಕ್ರಕ್ಕೊರಗಿ ನೆಲದ ಮೇಲೆ ಕುಸಿದು ಕೂತ. ಕೆಲಸ ಕಲಿಯಲು ಬಂದವನಿಗೆ ಮೊದಲ ವಾರದಲ್ಲಿ ಹೇಳಿಕೊಡುವ ಪಾಠ ಅದು.

"ಮರ ನೀರು ಕುಡಿಯುತ್ತೆ ಅಂತ ನನಗೆ ಗೊತ್ತಿರಲಿಲ್ವೇನೇ?" ಎಂದ. "ಇದು ನಿನ್ನ ಬಾಗಿಲು ಕಣೇ. ಅದಕ್ಕೇ ಸಂದು ಬಿಡೋಕೆ ಕೈ ಬರಲಿಲ್ಲ."

ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಂಡು ಪಕ್ಕದಲ್ಲೇ ಕೂತಳು. ಅವಳಿಗೂ ಸಾಕಾಗಿತ್ತು.

"ಗೊತ್ತು. ಅವತ್ತು ಏಣಿ ಹಾಕಿದಾಗ್ಲೇ ಗೊತ್ತಾಯ್ತು. ನಾನೂ ಒಳಗೆ ಹೋಗಿ ಸ್ವಲ್ಪ ಅತ್ತೆ, ಸುಳ್ಳು ಹೇಳಲ್ಲ. ಆದ್ರೆ ಆ ತಗಡಿಗೆ ಒದ್ದೂ ಒದ್ದೂ ಕಾಲಿಗೆ ಅಭ್ಯಾಸ ಆಗೋಗಿದೆ ಕಣ್ರೀ. ಈಗ ನಂಗೆ ನೀರು ಇಳಿದ್ರೆ ಸಾಕು."

ಮತ್ತೆ ಬೋಲ್ಟ್ ಬಿಚ್ಚಬೇಕು. ಜೀವ ಹಿಡಿದು ಕೂರಿಸಿದ ಅಂಚನ್ನು ತಾನೇ ಸೀಳಿ ಎಸೆಯಬೇಕು. ಅದನ್ನು ಗರಗಸದಲ್ಲಿ ಮಾಡುವ ತ್ರಾಣ ಆತನಿಗಿರಲಿಲ್ಲ. "ತಗೊಂಡು ಬಾ ನಿನ್ನ ಕೊಯ್ಯೋ ಮಿಷನ್ನು," ಎಂದು ಭಾಮೈದನಿಗೆ ಹೇಳಿದ. ಭಾಮೈದ ಈ ಸಲ ನಗಲಿಲ್ಲ. ಬಡಗಿ ಗೆರೆ ಎಳೆದ, ಅವನು ಕೊಯ್ದ. ಹಲಗೆ ಮರಳಿ ಕೂರಿಸುವಾಗ ಆತ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಎರಡು ಹಲಗೆಯ ನಡುವೆ ಇಟ್ಟ. ಅಷ್ಟು ದಪ್ಪದ ಸಂದು. ಬಿಗಿದಾದ ಮೇಲೆ ಪೆನ್ಸಿಲ್ ಎಳೆದು ಮುಂದಿನ ಹಲಗೆಗೆ ಇಟ್ಟ. ಎಂಟು ಸಲ.

ಸಂಜೆ ಭಾಮೈದ ಹೊರಟುಹೋದ. ಆತ ಗಾಡಿಯ ಕೆಳಗೆ ಅಂಗಾತ ಮಲಗಿ ಕೊನೆಯ ನಟ್ ಬಿಗಿಯುತ್ತಿದ್ದ. ಮುಖದ ಮೇಲೆ ಎಂಟು ಗೆರೆ ಬೆಳಕು ಬಿದ್ದಿತ್ತು. ತನ್ನ ಕೆಲಸದ ನಡುವಿನಿಂದ ಬೆಳಕು ಬಂದದ್ದನ್ನು ಆತ ನೋಡಿದ್ದು ಅದೇ ಮೊದಲು. ಅಷ್ಟರಲ್ಲಿ ಹೆಂಡತಿ, ಆತ ಕೈಕಾಲು ತೊಳೆಯಲು ಹೋಗಿದ್ದಾನೆಂದುಕೊಂಡು, ನೀರು ಇಳಿಯುತ್ತದೋ ಇಲ್ಲವೋ ನೋಡಲು ಒಂದು ಬಕೆಟ್ ತಂದು ಹಾಸಿನ ಮೇಲೆ ಸುರಿದೇಬಿಟ್ಟಳು. ಕೆಳಗಿನಿಂದ ಕೆಮ್ಮು ಕೇಳಿಸಿತು.

"ಅಯ್ಯಯ್ಯೋ! ಕೆಳಗಿದ್ದೀರೇನ್ರೀ?"

ಆತ ಅಲ್ಲಿಂದ ಕದಲಲಿಲ್ಲ. ಏಳುವ ಶಕ್ತಿಯೂ ಇರಲಿಲ್ಲ. ಕಣ್ಣಿಗಿಳಿದ ನೀರನ್ನು ಒರೆಸಿಕೊಂಡು ಹೇಳಿದ:

"ಇದ್ದೀನಿ ಕಣೇ. ಸೋರ್ತಾ ಇದೆ. ಚೆನ್ನಾಗಿ ಸೋರ್ತಾ ಇದೆ."