ಮೂವತ್ತೆಂಟನೇ ಪುಟದ ಕಿವಿ

ಅತ್ತೆ ಓದು ಕಲಿಯುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಹೇಳಿದವನು ನಾನು. ಇದನ್ನು ಊರಿನವರ ತಲೆಗೆ ಕಟ್ಟಿ ನಾನು ಒಳ್ಳೆಯವನಾಗಬಹುದಿತ್ತು, ಕೇಳಿದವರು ನಂಬುತ್ತಲೂ ಇದ್ದರು. ಆದರೆ ಹೇಳಿದ ದಿನ ನನ್ನ ಹೆಂಡತಿ ಪಕ್ಕದಲ್ಲೇ ಅಕ್ಕಿ ಆರಿಸುತ್ತ ಕೂತಿದ್ದಳು. ಸಾಕ್ಷಿ ಇದೆ.

ನನ್ನ ಮಾತು ಹೀಗಿತ್ತು: "ಅರವತ್ತು ದಾಟಿದ ಮೇಲೆ ಅಕ್ಷರ ತಲೆಗೆ ಹತ್ತಲ್ಲ ಅತ್ತೆ. ಈಗ ಸ್ಲೇಟು ಹಿಡ್ಕಂಡು ಯಾಕೆ ಊರವರ ಬಾಯಿಗೆ ಬೀಳ್ತೀಯ?"

ಈಕೆ ನನ್ನ ಅಪ್ಪನ ಅಕ್ಕ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ತೊಗರ್ಸಿ ಹತ್ತಿರದ ನಮ್ಮ ಹಳ್ಳಿಗೆ ಮರಳಿ ಬಂದವಳು. ಅಂದಿನಿಂದ ಮನೆಯ ಕುರಿಗಳ ಹಿಂದೆ ನಡೆದವಳು. ನಾನು ಶಿಕಾರಿಪುರದ ಕಾಲೇಜಿಗೆ ಬಸ್ಸು ಹತ್ತುತ್ತಿದ್ದ ಮೂರು ವರ್ಷ ನನ್ನ ಪಾಲಿನ ಕುರಿಗಳನ್ನೂ ಅವಳೇ ಕಾಯ್ದಳು. ಹಾಗಾಗಿ ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಇದನ್ನು ದಿನಕ್ಕೊಮ್ಮೆಯಾದರೂ ಯಾರಿಗಾದರೂ ನೆನಪು ಮಾಡಿಕೊಡುವುದು ನನ್ನ ಅಭ್ಯಾಸ. ಹೈಸ್ಕೂಲಿನಲ್ಲಿ ಒಬ್ಬ ಮೇಷ್ಟರು "ಕುರಿ ಕಾಯೋರ ಹುಡುಗ ಡಿಗ್ರಿ ಮಾಡ್ತಾನಂತೆ" ಎಂದು ತರಗತಿಯ ಮುಂದೆ ನಕ್ಕಿದ್ದರು. ಆ ನಗುವನ್ನು ಮರೆಯದೆ ಇಟ್ಟುಕೊಂಡು ಓದಿದೆ. ಮರೆಯದೆ ಇಟ್ಟುಕೊಂಡಿದ್ದರಿಂದಲೇ ಇರಬೇಕು, ಅತ್ತೆಯ ಮುಂದೆ ಅದೇ ನಗು ಅಷ್ಟು ಸಲೀಸಾಗಿ ಹೊರಗೆ ಬಂತು.

ನನ್ನ ಡಿಗ್ರಿ ಪ್ರಮಾಣಪತ್ರಕ್ಕೆ ಫ್ರೇಮು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದ್ದೇನೆ. ಮಕ್ಕಳ ಚೆಂಡು ತಾಗಬಾರದು ಎಂದು ತೊಲೆಯ ಹತ್ತಿರ, ಬಹಳ ಎತ್ತರದಲ್ಲಿ. ಕೆಳಗೆ ನಿಂತವರಿಗೆ ಅಂಚಿನ ಬಂಗಾರದ ಬಣ್ಣ, ಮೂಲೆಯ ಮೊಹರು ಕಾಣುತ್ತವೆ. ಅಕ್ಷರ ಕಾಣುವುದಿಲ್ಲ. ಅದು ಕೈಗೆ ಬಂದ ದಿನ ನಾನು "ನಮ್ಮ ಮನೆತನಕ್ಕೆ ನಾನೇ ಫಸ್ಟ್ ಅತ್ತೆ" ಅಂದಿದ್ದೆ. ಅವಳು ಅಷ್ಟನ್ನೇ ಹಿಡಿದುಕೊಂಡು ಬೀದಿಯ ಆ ತುದಿಯವರೆಗೆ ಹೋಗಿ "ನಮ್ಮ ಹುಡುಗ ಫಸ್ಟ್ ಬಂದಾನೆ" ಎಂದು ಹೇಳಿ ಬಂದಳು. ನಾನು ತಿದ್ದಲಿಲ್ಲ. ಹಿರಿಯರ ಸಂತೋಷಕ್ಕೆ ಅಡ್ಡ ಬರಬಾರದು ಎಂಬ ಸಂಸ್ಕಾರ ನನ್ನಲ್ಲಿ ಆಗ ತಾನೇ ಹುಟ್ಟಿತ್ತು.

ಸ್ಲೇಟಿನ ಮಾತಿಗೆ ಅತ್ತೆ ಸಿಟ್ಟಾಗಲಿಲ್ಲ. ಗೋಡೆಯ ಕಡೆ ನೋಡಿದಳು.

"ಪರೀಕ್ಷೆ ಪಾಸಾದ್ರೆ ನಂಗೂ ಅಂಥದ್ದೊಂದು ಕಾಗದ ಕೊಡ್ತಾರಂತೆ. ನಿಂದರ ಪಕ್ಕದಾಗೆ ಹಾಕ್ತೀಯೇನು?"

"ಹಾಕೋಣ ಬಿಡು."

"ಮೊಳೆ ನೀನೇ ಹೊಡೀಬೇಕು."

"ನಾನೇ ಹೊಡೀತೀನಿ."

ಹೊಡೆಯುವ ಪ್ರಸಂಗ ಬರುವುದಿಲ್ಲ ಎಂಬ ಧೈರ್ಯದಲ್ಲಿ ಕೊಟ್ಟ ಮಾತು ಅದು. ಅವಳು ಮಾತ್ರ ಅಂಗನವಾಡಿಯ ಮಕ್ಕಳು ಮನೆಗೆ ಹೋದ ಮೇಲೆ, ಮಧ್ಯಾಹ್ನ, ಅದೇ ಚಿಕ್ಕ ಕೋಣೆಯಲ್ಲಿ ನಡೆಯುತ್ತಿದ್ದ ದೊಡ್ಡವರ ತರಗತಿಗೆ ಹೋಗತೊಡಗಿದಳು.

ಇಲ್ಲಿ ನನ್ನ ಓದಿನ ವಿಷಯ ಹೇಳಬೇಕು. ನಾನು ಸೊರಬದ ಒಂದು ಕಚೇರಿಯಲ್ಲಿ ಗುಮಾಸ್ತ. ತಿಂಗಳ ಎರಡನೇ ಭಾನುವಾರ ಆನವಟ್ಟಿಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ, ಓದುವ ಹವ್ಯಾಸದ ಹತ್ತು ಹನ್ನೆರಡು ಜನ ಸೇರುತ್ತೇವೆ. ಇತ್ತೀಚೆಗೆ ಓದಿದ್ದು ಯಾವುದು, ಅರ್ಧಕ್ಕೆ ಬಿಟ್ಟದ್ದು ಯಾವುದು, ಬೇರೆಯವರು ಓದಲಿ ಅನಿಸಿದ್ದು ಯಾವುದು ಎಂದು ಪ್ರತಿಯೊಬ್ಬರೂ ಹೇಳಬೇಕು. ಅರ್ಧಕ್ಕೆ ಬಿಟ್ಟೆ ಎಂದು ಇವತ್ತಿನವರೆಗೆ ಅಲ್ಲಿ ಯಾರೂ ಹೇಳಿಲ್ಲ. ಡಿಗ್ರಿ ಆದವನು ನಾನು ಹೇಗೆ ಹೇಳಲಿ?

ಬಿಟ್ಟ ಪುಸ್ತಕಗಳು ಮನೆಯಲ್ಲಿ ಒಂದು ಕಪಾಟಿನಷ್ಟಿವೆ. ಒಂದು ದಪ್ಪ ಕಾದಂಬರಿಯ ಮೊದಲ ಪುಟದಲ್ಲೇ ವಂಶವೃಕ್ಷ ಇತ್ತು. ಅದರ ಮೂರನೇ ಕೊಂಬೆಯಲ್ಲಿ ಸಿಕ್ಕಿಹಾಕಿಕೊಂಡವನು ಕತೆಯ ನೆಲಕ್ಕೆ ಇಳಿಯಲೇ ಇಲ್ಲ. ಇನ್ನೊಂದು ನಿವೃತ್ತ ಅಧಿಕಾರಿಯೊಬ್ಬರ ಆತ್ಮಕತೆ. ಹುಟ್ಟಿದಾಗಿನಿಂದ ಒಂದು ತಪ್ಪನ್ನೂ ಮಾಡದ ಮನುಷ್ಯ. ಅವರು ಮೂರನೇ ತರಗತಿಗೆ ಬರುವ ಹೊತ್ತಿಗೆ ನನಗೆ ಸಾಕಾಯಿತು. ಪೂರ್ತಿ ಮುಗಿಸಿದ್ದು ಒಂದು ಕವಿತೆ ಪುಸ್ತಕ, ತೆಳ್ಳಗಿತ್ತು ಅಂತ. ಏನೂ ಅರ್ಥವಾಗಲಿಲ್ಲವಾದ್ದರಿಂದ ಅದನ್ನೇ ಎಲ್ಲರಿಗೂ ಶಿಫಾರಸು ಮಾಡಿದೆ.

ಸಭೆಗೆಂದೇ ನಾನು ಒಂದು ವಾಕ್ಯ ಸಿದ್ಧ ಮಾಡಿಟ್ಟುಕೊಂಡಿದ್ದೆ: "ಕೊನೆಯಲ್ಲಿ ಕೃತಿ ಸ್ವಲ್ಪ ಬಿಗಿ ಕಳೆದುಕೊಳ್ಳುತ್ತದೆ." ಯಾವ ಪುಸ್ತಕಕ್ಕಾದರೂ ಸಲ್ಲುತ್ತದೆ. ವರ್ಷಗಟ್ಟಲೆ ಹೇಳಿದರೂ ಯಾರೂ ಇಲ್ಲ ಎನ್ನಲಿಲ್ಲ. ಅವರೂ ಕೊನೆಯವರೆಗೆ ಹೋಗಿರಲಿಕ್ಕಿಲ್ಲ ಎಂದು ನನಗೆ ಒಳಗೊಳಗೇ ಸಮಾಧಾನ.

ನಿಲ್ಲಿಸಿದ ಜಾಗದಲ್ಲಿ ಗುರುತು ಮಾಡುವುದು ಮಾತ್ರ ನಾನು ತಪ್ಪಿಸುವುದಿಲ್ಲ. ಕುರಿ ಇರುವ ಮನೆಗಳಲ್ಲಿ, ಮಂದೆ ಬೆರೆತಾಗ ನಮ್ಮವು ಯಾವುವು ಎಂದು ತಿಳಿಯಲು ಮರಿಗಳ ಕಿವಿಗೆ ಕಚ್ಚು ಹಾಕುತ್ತಾರೆ. ಮನೆಗೊಂದು ಗುರುತು. ನಮ್ಮದು ಎಡಗಿವಿಯ ತುದಿಯಲ್ಲಿ ಎರಡು ಕಚ್ಚು. ನಾನು ಓದು ನಿಲ್ಲಿಸುವಾಗ ಪುಟದ ಎಡಮೂಲೆಯನ್ನು ಒಂದು ಸಲ ಮಡಚಿ, ಅದರ ಮೇಲೆ ಇನ್ನೊಂದು ಸಲ ಮಡಚುತ್ತೇನೆ. ಕೈಗೆ ಬಂದ ರೂಢಿ. ಅದನ್ನು ಯಾರಾದರೂ ಓದಿಯಾರು ಎಂದು ಹೊಳೆದಿರಲಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ಅತ್ತೆ ತರಗತಿಯ ಪಾಠದ ಪುಸ್ತಕ ಮುಗಿಸಿದ್ದಳು.

"ಇದರಾಗೆ ಬರೀ ಕೈ ತೊಳ್ಕಳ್ರಿ, ನೀರು ಕಾಸಿ ಕುಡೀರಿ ಅಂತ ಐತೆ. ಕತೆ ಇರೋದು ಒಂದು ಕೊಡು."

ನಾನು ಕಪಾಟಿನಿಂದ ದೊಡ್ಡ ಅಕ್ಷರದ ಸಣ್ಣ ಕಾದಂಬರಿಯೊಂದನ್ನು ತೆಗೆದುಕೊಟ್ಟೆ. ಗಂಡ ಸತ್ತ ಮೇಲೆ ಹಿಟ್ಟಿನ ಗಿರಣಿಯನ್ನು ತಾನೇ ನಡೆಸುವ ಹೆಂಗಸಿನ ಕತೆ. "ಬಹಳ ಒಳ್ಳೆ ಪುಸ್ತಕ, ಓದು" ಅಂದೆ. ಗಿರಣಿಯ ಸದ್ದಿನ ವರ್ಣನೆಯೇ ನಾಲ್ಕು ಪುಟ ಎಳೆದಿತ್ತು ಎಂದು ಮೂವತ್ತೆಂಟನೇ ಪುಟದಲ್ಲಿ ನಾನು ಅದನ್ನು ಬಿಟ್ಟಿದ್ದೆ.

ಅವಳು ದಿನಕ್ಕೆ ಒಂದು ಪುಟ, ಕೆಲವು ದಿನ ಅರ್ಧ ಪುಟ, ಕುರಿ ಮೇಯಲು ಬಿಟ್ಟು ಗಟ್ಟಿಯಾಗಿ ಓದಿದಳು. ಒಂದು ದಿನ ಅವಳು ಓದುತ್ತ ಕೂತಾಗ ಎರಡು ಕುರಿ ಪಕ್ಕದವರ ಮೆಕ್ಕೆಜೋಳಕ್ಕೆ ನುಗ್ಗಿದವು. ನಾನು ಹುಡುಗನಾಗಿದ್ದಾಗ ಇದೇ ತಪ್ಪಿಗೆ ಅವಳು ನನ್ನ ಬೆನ್ನಿಗೆ ಬಾರಿಸಿದ್ದಳು. ಅದನ್ನು ನೆನಪಿಸಿದೆ. "ನೀನು ಓದಿದ್ದಕ್ಕೆ ಹೊಡೀಲಿಲ್ಲ, ಪುಸ್ತಕ ಮುಖದ ಮೇಲಿಟ್ಕಂಡು ಮಲಗಿದ್ದಕ್ಕೆ ಹೊಡೆದೆ" ಅಂದಳು.

ದೀಪಾವಳಿ ಮುಗಿದ ವಾರ ನಾನು ಕಚೇರಿಯಿಂದ ಬಂದು ಬೈಕು ನಿಲ್ಲಿಸುವಾಗ ಕಟ್ಟೆಯ ಮೇಲೆ ಪುಸ್ತಕ ತೆರೆದಿಟ್ಟುಕೊಂಡು ಕೂತಿದ್ದಳು.

"ಲೇ ತಮ್ಮಾ, ಮೂವತ್ತೆಂಟನೇ ಪುಟದ ಕಿವಿಗೆ ನಮ್ಮನೆ ಗುರುತು ಐತಲ್ಲ."

"ಅಲ್ಲಿ ಚಾ ಕುಡಿಯಾಕೆ ಎದ್ದಿದ್ದೆ."

"ಅದರಾಚೆ ಎಲ್ಲೂ ಗುರುತಿಲ್ಲ."

"ಆಮೇಲೆ ಒಂದೇ ಸಲಕ್ಕೆ ಮುಗಿಸಿದೆ."

"ಹಂಗಾರೆ ಆ ಹೆಂಗಸು ಗಿರಣಿ ಬೀಗದ ಕೈ ಯಾರಿಗೆ ಕೊಟ್ಟಳು?"

"ಅದನ್ನ ನಾನೇ ಹೇಳಿಬಿಟ್ರೆ ನಿಂಗೆ ಓದೋ ಸ್ವಾರಸ್ಯ ಹೋಗ್ತೈತೆ."

"ಅದನ್ನ ನಾನು ನಿನ್ನೆನೇ ಓದೀನಿ. ನೀನು ಓದೀಯೋ ಇಲ್ಲೋ ಅಂತ ಕೇಳಿದೆ."

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ನನ್ನ ಹೆಂಡತಿ ಉತ್ತರಕ್ಕೆ ಕಾಯುತ್ತಿದ್ದಳು. ನಾನು ಕೈಕಾಲು ತೊಳೆಯಲು ಬಚ್ಚಲಿಗೆ ಹೋದೆ, ಎಂದಿಗಿಂತ ಹೆಚ್ಚು ಹೊತ್ತು ತೊಳೆದೆ.

ಊಟಕ್ಕೆ ಕೂತಾಗ, ಹೋಗಲಿ, ಪುಸ್ತಕ ಹೇಗನಿಸಿತು ಎಂದು ಕೇಳಿದೆ.

"ಬರೆದಾತಗೆ ಗಿರಣಿ ಗೊತ್ತು, ಹೆಂಗಸರು ಗೊತ್ತಿಲ್ಲ," ಅಂದಳು. "ನಾಕು ಪುಟ ಗಿರಣಿ ಸದ್ದು ಬರೆದಾನೆ. ಹಿಟ್ಟು ಮಾಡ್ಸಾಕೆ ಪಾಳಿ ನಿಂತೋರು ಒಂದು ಮಾತೂ ಆಡಲ್ಲ. ಅಷ್ಟು ಸದ್ದಿದ್ದಾಗಲೇ ಅಲ್ವೇನು ಹೆಂಗಸರು ಮನೆ ವಿಷಯ ಮಾತಾಡೋದು, ಬೇರೆಯೋರಿಗೆ ಕೇಳಲ್ಲ ಅಂತ?"

ಮುಂದಿನ ಭಾನುವಾರ ಆನವಟ್ಟಿಯಲ್ಲಿ ಮಾತಾಡುವ ಸರದಿ ನನ್ನದು. ಅತ್ತೆಯ ಮಾತನ್ನು ತೊಳೆದು, ಇಸ್ತ್ರಿ ಮಾಡಿ, ನನ್ನದೆಂಬಂತೆ ಹೇಳಿದೆ. ನಮ್ಮಲ್ಲಿ ಹಿರಿಯರಾದ ಒಬ್ಬ ನಿವೃತ್ತ ಶಿಕ್ಷಕರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಇಷ್ಟು ವರ್ಷಕ್ಕೆ ಒಂದು ಪುಸ್ತಕ ಓದಿ ಬಂದೀರಿ ನೋಡ್ರೀ," ಅಂದರು. "ಕೊನೆ ಹೆಂಗನ್ನಿಸ್ತು?"

ಅತ್ತೆ ಇನ್ನೂ ಕೊನೆಗೆ ಬಂದಿರಲಿಲ್ಲ. "ಕೊನೆಯಲ್ಲಿ ಕೃತಿ ಸ್ವಲ್ಪ ಬಿಗಿ ಕಳೆದುಕೊಳ್ಳುತ್ತದೆ," ಅಂದೆ.

"ಹಾಂ," ಅಂದರು ಅವರು, ಕನ್ನಡಕ ಹಾಕಿಕೊಳ್ಳುತ್ತ. "ಇದೊಂದು ನಿಮ್ಮ ಸ್ವಂತದ್ದು."

ಪರೀಕ್ಷೆ ನಡೆದದ್ದು ಬಳ್ಳಿಗಾವಿಯ ಶಾಲೆಯಲ್ಲಿ. ಬೈಕಿನಲ್ಲಿ ಕರೆದುಕೊಂಡು ಹೋಗಿ ಹೊರಗೆ ಹುಣಸೆ ಮರದ ಕೆಳಗೆ ನಿಂತೆ. ಅವಳು ಪಾಸಾಗದಿದ್ದರೆ ನನ್ನ ಮಾತು ಗೆಲ್ಲುತ್ತಿತ್ತು, ಗೋಡೆ ಹಾಗೇ ಉಳಿಯುತ್ತಿತ್ತು. ಆದರೂ ಕಿಟಕಿಯಲ್ಲಿ ಅವಳ ಬಗ್ಗಿದ ತಲೆ, ಪೆನ್ಸಿಲ್ಲನ್ನು ಕುಡುಗೋಲಿನ ಹಾಗೆ ಹಿಡಿದ ಕೈ ಕಂಡಾಗ ನಿಂತಲ್ಲಿ ನಿಲ್ಲಲಾರದೆ ಮರಕ್ಕೆ ಸುತ್ತು ಹಾಕತೊಡಗಿದೆ. ನನ್ನ ಪರೀಕ್ಷೆಗಳಿಗೆ ಇಷ್ಟು ಹೆದರಿದ್ದರೆ ಕತೆ ಬೇರೆ ಇರುತ್ತಿತ್ತು.

ಹೊರಗೆ ಬಂದವಳನ್ನು ಕೇಳಿದೆ, "ಏನು ಬರೆದೆ?"

"ನೀವು ಕಂಡಿದ್ದೋ ಓದಿದ್ದೋ ನಾಕು ಸಾಲು ಬರೀರಿ ಅಂದ್ರು. ಗಿರಣಿ ಪುಸ್ತಕ ಬರೆದೆ. ಮೊನ್ನೆ ಮುಗಿಸಿದ್ನಲ್ಲ."

"ಮುಗಿಸಿದ್ಯಾ? ಕೊನೆಗೆ ಏನಾಗ್ತೈತೆ?"

ಸೀರೆ ಸರಿಮಾಡಿಕೊಂಡು ಬೈಕಿನ ಹಿಂದೆ ಕೂತಳು. "ಓದ್ಕೋ," ಅಂದಳು.

ಪಾಸಾದಳು. ಶಿಕಾರಿಪುರದ ಒಂದು ಸಭಾಂಗಣದಲ್ಲಿ ಹೆಸರು ಕರೆದಾಗ ವೇದಿಕೆಗೆ ಹೋಗಿ, ಹೆಬ್ಬೆಟ್ಟಿಗೆಂದು ಮುಂದಿಟ್ಟ ಶಾಯಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಸಹಿ ಹಾಕಿದಳು. ಹಿಂದೆ ಸಾಲಾಗಿ ನಿಂತವರು ಕಾಯುವಷ್ಟು ಹೊತ್ತು ಹಾಕಿದಳು. ಬರುವಾಗ ಶಿರಾಳಕೊಪ್ಪದಲ್ಲಿ ಫ್ರೇಮು ಹಾಕಿಸಿದೆವು. ಊರು ಬರುವವರೆಗೂ ಅದನ್ನು ಸೆರಗಿನಲ್ಲಿ ಸುತ್ತಿ, ಎಳೆಮರಿಯನ್ನು ಹಿಡಿದ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ನಾನು ಹಿತ್ತಲಿನಿಂದ ಸುತ್ತಿಗೆ ತರುವಷ್ಟರಲ್ಲಿ ಅತ್ತೆ ಪಡಸಾಲೆಯ ಗೋಡೆಗೆ ಸ್ಟೂಲು ಹಾಕಿ, ಹತ್ತಿ ನಿಂತು, ನನ್ನ ಡಿಗ್ರಿಯ ಧೂಳು ಒರೆಸುತ್ತಿದ್ದಳು. ಒರೆಸುವ ಕೈ ನಿಂತಿತು.

"ದ್ವಿ... ತೀ... ಯ. ದ್ವಿತೀಯ ದರ್ಜೆ. ಹಂಗಂದ್ರೆ ಏನಲೇ?"

ನನ್ನ ಬಾಯಿಯಲ್ಲಿ ಮೊಳೆ ಇತ್ತು. ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. ಇಷ್ಟು ವರ್ಷ ಇದಕ್ಕೇ ಕಾದಿದ್ದವಳ ಹಾಗಿತ್ತು. "ಎರಡನೇ ಕ್ಲಾಸು ಅಂತ, ಅತ್ತೆ."

ಅತ್ತೆ ಇನ್ನೊಮ್ಮೆ ಓದಿದಳು. ನಿಧಾನಕ್ಕೆ ಕೆಳಗಿಳಿದು, ಗೋಡೆಗೆ ಒರಗಿಸಿಟ್ಟಿದ್ದ ತನ್ನ ಪ್ರಮಾಣಪತ್ರವನ್ನು ನನ್ನ ಕೈಗೆ ಕೊಟ್ಟಳು.

"ನಂದು ಕೆಳಗೆ ಹೊಡಿ, ಬಂದೋರು ನಿಂತು ಓದ್ಲಿ," ಅಂದಳು. "ನಿಂದು ಅಲ್ಲೇ ಮ್ಯಾಲೆ ಇರ್ಲಿ ತಮ್ಮಾ. ಫಸ್ಟ್ ಅಂತ ಊರಿಗೆಲ್ಲ ನಾನೇ ಹೇಳೀನಿ. ಈಗ ತಿದ್ದಾಕೆ ಹೋಗಲ್ಲ."